ಅಗ್ಗದ ಪಿಸ್ತೂಲು, ಅಟ್ಟಣೆಯ ರಾತ್ರಿ

ರಾಗಿ ತೆನೆ ಬಲಿಯುವ ಹೊತ್ತಿಗೆ ಅಂತರಸಂತೆಯ ಆಸುಪಾಸಿನ ಹೊಲಗಳಲ್ಲಿ ಅಟ್ಟಣೆಗಳು ಏಳುತ್ತವೆ. ಕೈಯಲ್ಲೊಂದು ಟಾರ್ಚು, ಪಕ್ಕದಲ್ಲೊಂದು ತಗಡಿನ ಡಬ್ಬ, ಒಂದಿಷ್ಟು ಪಟಾಕಿ. ಆಚೆಗಿರುವುದು ನಾಗರಹೊಳೆ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು. ಆನೆ, ಹಂದಿಗಳಿಗೆ ಗಡಿಕಲ್ಲು ಓದಲು ಬಾರದು. ಎರಡು ರಾತ್ರಿ ನಿದ್ದೆಗೆಟ್ಟ ರೈತನಿಗೆ ಮೂರನೆಯ ಬೆಳಿಗ್ಗೆ ಒಂದೇ ಯೋಚನೆ: ಕೈಯಲ್ಲೊಂದು ಬಂದೂಕು ಇದ್ದಿದ್ದರೆ!

ಪೇಟೆಯಲ್ಲಿ ಯಾರೋ ಹೇಳುತ್ತಾರೆ, ಬಂದೂಕೇಕೆ, ಈಗ ಸಣ್ಣ ಕೈಪಿಸ್ತೂಲುಗಳೇ ಇವೆಯಲ್ಲ? ಇವೆ, ನಿಜ. ಕಾನ್ಪುರದ ಕಾರ್ಖಾನೆ 2014ರಲ್ಲಿ ತಂದ ‘ನಿರ್ಭೀಕ್’ ರಿವಾಲ್ವರಿನ ಬೆಲೆ ಆಗ 1.22 ಲಕ್ಷ ರೂಪಾಯಿ. ತೂಕ ಅರ್ಧ ಕಿಲೋ ಆಸುಪಾಸು. ಮರುವರ್ಷ ಈಶಾಪುರದಿಂದ ಬಂದ ‘ನಿಡರ್’ ಅದರ ಅರ್ಧ ತೂಕದ್ದು, ಬೆಲೆ ಆಗ ಸುಮಾರು 35,000. ಅಗ್ಗ ಎನ್ನಿಸುವುದು ಇದೇ.

ಇನ್ನು ಮನೆಯ ಹೈಸ್ಕೂಲು ಹುಡುಗ ಪೆನ್ಸಿಲು ಹಿಡಿಯಲಿ. ‘ನಿಡರ್’ ಹಾರಿಸುವುದು .22 ಗುಂಡು. ಅದರ ತೂಕ ಸುಮಾರು 2.6 ಗ್ರಾಂ. ವೇಗ ಸೆಕೆಂಡಿಗೆ 300 ಮೀಟರು ಎಂದೇ ಉದಾರವಾಗಿ ಹಿಡಿಯೋಣ. ಗಿಡ್ಡ ನಳಿಗೆಯಿಂದ ಅಷ್ಟೂ ಬರಲಾರದು. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ 117 ಜೂಲ್. ನಾಲ್ಕು ಟನ್ನಿನ ಆನೆ ಸೆಕೆಂಡಿಗೆ ಒಂದೇ ಮೀಟರು ನಡೆದು ಬಂದರೂ ಅದರ ಚಲನಶಕ್ತಿ 2,000 ಜೂಲ್! ಎರಡನ್ನೂ ಹೀಗೆ ತಕ್ಕಡಿಗೆ ಹಾಕುವುದು ಪೂರ್ತಿ ಸರಿಯಲ್ಲ, ಗಾಯ ಮಾಡುವ ಬಗೆಯೇ ಬೇರೆ. ಆದರೆ ಆನೆ ನಿಲ್ಲುವುದಿಲ್ಲ, ಕೆರಳುತ್ತದೆ ಎಂಬುದಂತೂ ಖಚಿತ. ಗುರಿ ತಪ್ಪಿದ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಕತ್ತಲಲ್ಲಿ ಅಲ್ಲಿರುವುದು ಪಕ್ಕದ ಹೊಲದವನ ಅಟ್ಟಣೆ.

ಕಾನೂನೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು, ಪಿಸ್ತೂಲನ್ನಲ್ಲ. ಪಿಸ್ತೂಲಿಗೆ ಬೇರೆ ಬಲವಾದ ಕಾರಣ ತೋರಿಸಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋಟೆ ತಾಲ್ಲೂಕಿಗೆ ಇಲ್ಲ. ಸಾಲದ್ದಕ್ಕೆ 1972ರ ವನ್ಯಜೀವಿ ಕಾಯ್ದೆಯ 34ನೇ ಕಲಂ: ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಹತ್ತು ಕಿಲೋಮೀಟರಿನೊಳಗೆ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು. ಕಾಡಂಚಿನ ರೈತನಿಗೆ ಇದು ಕಹಿ, ಬೇಡದವನಿಗಿಂತ ಬೇಕಾದವನಿಗೇ ಬಾಗಿಲು ಇಕ್ಕಟ್ಟು. ಲೈಸೆನ್ಸು ಸಿಕ್ಕಿತೆನ್ನಿ, ಅದರಿಂದ ಪ್ರಾಣಿ ಕೊಲ್ಲುವ ಹಕ್ಕು ಬಂದಂತಲ್ಲ. ಆನೆಗೆ ಹಾರಿಸಿದರೆ ಜೈಲು.

ಬೆಲೆಯ ಚೀಟಿಯಲ್ಲಿ ಕಾಣದ ಖರ್ಚುಗಳೂ ಉಂಟು. ತರಬೇತಿ, ಗುಂಡು, ನವೀಕರಣ, ಬೀಗವಿರುವ ಪೆಟ್ಟಿಗೆ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸುವ ಓಡಾಟ. ಎಲ್ಲಕ್ಕಿಂತ ದೊಡ್ಡ ಚಿಂತೆ ತಾಯಿಯದು: ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂದು ಮಕ್ಕಳಿಗೆ ತಿಳಿಯದ ಮನೆ ಯಾವುದಿದೆ?

ಅದೇ ಹಣದಲ್ಲಿ ಸೌರಬೇಲಿಯ ಯೋಚನೆ ಮಾಡುವುದು ಲೇಸು. ಅದರ ಯಂತ್ರ ಸಾವಿರಾರು ವೋಲ್ಟಿನ, ಆದರೆ ಕ್ಷಣಾರ್ಧಕ್ಕೂ ಕಡಿಮೆ ಕಾಲದ ಮಿಡಿತಗಳನ್ನು ಬಿಟ್ಟು ಬಿಟ್ಟು ಕಳುಹಿಸುತ್ತದೆ. ಹೊಡೆತ ಜೋರು, ಪ್ರಾಣಕ್ಕೆ ಅಪಾಯವಿಲ್ಲ. ಕಂಬದ ಲೈನಿನಿಂದ ನೇರವಾಗಿ ತಂತಿಗೆ ವಿದ್ಯುತ್ ಕೊಡುವುದು ಬೇರೆ ಮಾತು. ಅದು ಆನೆಯನ್ನೂ ಕೊಲ್ಲುತ್ತದೆ, ಮುಂಜಾನೆ ಹೊಲಕ್ಕೆ ಹೋದ ಮನುಷ್ಯನನ್ನೂ. ಸೌರಬೇಲಿಯೂ ಅಜೇಯವೇನಲ್ಲ. ಜಾಣ ಆನೆ ವಿದ್ಯುತ್ ಹರಿಯದ ದಂತದಿಂದ ತಂತಿ ಎತ್ತುತ್ತದೆ, ಕಂಬ ಉರುಳಿಸುತ್ತದೆ. ಮಳೆಗಾಲದಲ್ಲಿ ಹಸಿ ಹುಲ್ಲು ತಂತಿಗೆ ತಾಗಿತೋ, ಹೊಡೆತವೆಲ್ಲ ನೆಲಕ್ಕೆ ಸೋರಿಹೋಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಕುಡುಗೋಲು ಹಿಡಿದು ಬೇಲಿಯುದ್ದಕ್ಕೂ ಹುಲ್ಲು ಸವರುತ್ತ ಹೋಗಬೇಕು, ಯಂತ್ರ ಬಂದ್ ಮಾಡಿದ ಮೇಲೆ.