ಮೊದಲು ಅಳತೆ, ಆಮೇಲೆ ನಿಯಂತ್ರಣ: ಗಿರಣಿ ಹಾಗೂ ಮಗ್ಗಗಳಿಗೆ ಮೈಕ್ರೋಕಂಟ್ರೋಲರ್

ಚಳ್ಳಕೆರೆಯ ಎಣ್ಣೆ ಗಿರಣಿಯಾಗಲಿ, ಮೊಳಕಾಲ್ಮೂರಿನ ರೇಷ್ಮೆ ಮಗ್ಗವಾಗಲಿ, ಇಂದಿನ ಪೈಪೋಟಿಯಲ್ಲಿ ಉಳಿಯಬೇಕಾದರೆ ಸಣ್ಣ ಸಣ್ಣ ಸೋರಿಕೆಗಳನ್ನು ತಡೆಯುವುದು ಅನಿವಾರ್ಯವಾಗಿದೆ. 1994ರಲ್ಲಿ ಪಾಮೊಲಿನ್ ಆಮದು ಮುಕ್ತವಾದ ನಂತರ ಶೇಂಗಾ ಎಣ್ಣೆಯ ಗಿರಣಿಗಳ ಲಾಭ ತೆಳುವಾಗುತ್ತ ಬಂದಿತು. ಅನೇಕ ಗಿರಣಿಗಳು ಬಾಗಿಲು ಮುಚ್ಚಿದವು. ಉಳಿದವರಿಗೆ ಗೋದಾಮಿನಲ್ಲಿ ಬೂಷ್ಟು ಹಿಡಿದ ಹತ್ತು ಚೀಲ ಶೇಂಗಾ ಸಣ್ಣ ನಷ್ಟವಲ್ಲ. ಹೊಳಪು ಕಳೆದುಕೊಂಡ ಒಂದು ತೊಟ್ಟಿ ರೇಷ್ಮೆ ನೇಕಾರನಿಗೆ ಸಣ್ಣ ನಷ್ಟವಲ್ಲ. ಇವೆರಡೂ ಸಂಭವಿಸುವುದು ಬಹುಮಟ್ಟಿಗೆ ಒಂದೇ ಕಾರಣದಿಂದ: ಅಳೆಯಬೇಕಾದುದನ್ನು ಅಂದಾಜಿಗೆ ಬಿಟ್ಟಿರುವುದರಿಂದ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಮುತ್ತ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರಲ್ಲಿ ಉದ್ಘಾಟನೆಗೊಂಡಿದೆ. ಆದರೆ ಗಿರಣಿಗೆ ಬೇಕಾದ ವಿಜ್ಞಾನ ಅಷ್ಟು ದೊಡ್ಡದಲ್ಲ. ಅದು ಅಂಗೈಯಲ್ಲಿ ಹಿಡಿಸುವಂಥದು, ಕೆಲವು ನೂರು ರೂಪಾಯಿಗೆ ದೊರೆಯುವಂಥದು. ಹವ್ಯಾಸಕ್ಕಾಗಿ ಎಲೆಕ್ಟ್ರಾನಿಕ್ಸ್ ಕಲಿಯುವ ವಿದ್ಯಾರ್ಥಿಗಳ ಕೈಯಲ್ಲಿ ಕಾಣುವ ಮೈಕ್ರೋಕಂಟ್ರೋಲರ್ ಫಲಕವೇ ಅದು. ಅದನ್ನು ಉದ್ಯಮಕ್ಕೆ ಬಳಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೈಕ್ರೋಕಂಟ್ರೋಲರ್ ಎಂದರೇನು?

ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಭಾಗ, ಈ ಮೂರನ್ನೂ ಒಂದೇ ಚಿಪ್ಪಿನಲ್ಲಿ ಅಡಕಗೊಳಿಸಿದ ಪುಟ್ಟ ಗಣಕವೇ ಮೈಕ್ರೋಕಂಟ್ರೋಲರ್. ಮೇಜಿನ ಮೇಲಿನ ಕಂಪ್ಯೂಟರ್ ಹಲವು ಕೆಲಸಗಳನ್ನು ಮಾಡುತ್ತದೆ. ಇದು ಹೇಳಿಕೊಟ್ಟ ಒಂದೇ ಕೆಲಸವನ್ನು ಹಗಲಿರುಳು ಮಾಡುತ್ತದೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ, ಮನೆಯ ಬಟ್ಟೆ ಒಗೆಯುವ ಯಂತ್ರ, ಯುಪಿಎಸ್ ಇವೆಲ್ಲದರ ಒಳಗೂ ಅದು ಇದ್ದೇ ಇದೆ.

ನೇಕಾರರಿಗೆ ಇದರ ತತ್ವ ಹೊಸದಲ್ಲ. ಜಕಾರ್ಡ್ ಮಗ್ಗದ ರಟ್ಟಿನಲ್ಲಿ ತೂತಿದ್ದರೆ ಎಳೆ ಮೇಲೇಳುತ್ತದೆ, ತೂತಿಲ್ಲದಿದ್ದರೆ ಕೆಳಗೇ ಉಳಿಯುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ರಟ್ಟುಗಳ ಸಾಲೇ ಪ್ರೋಗ್ರಾಂ. ಮೈಕ್ರೋಕಂಟ್ರೋಲರ್‌ನಲ್ಲಿ ತೂತಿನ ಬದಲು ವಿದ್ಯುತ್ತು ಇದೆ ಅಥವಾ ಇಲ್ಲ ಎಂಬ ಎರಡು ಸ್ಥಿತಿಗಳಿವೆ. ರಟ್ಟಿನ ಬದಲು ಕಂಪ್ಯೂಟರಿನಲ್ಲಿ ಬರೆದ ಸಾಲುಗಳಿವೆ.

ಇಂಟೆಲ್ ಕಂಪನಿಯ ಹೆಸರಾಂತ 8051 ಚಿಪ್ಪು ಬಂದದ್ದು 1980ರಲ್ಲಿ. ಬಹುಕಾಲ ಇಂಥ ಚಿಪ್ಪುಗಳಿಗೆ ಪ್ರೋಗ್ರಾಂ ತುಂಬಲು ಪ್ರತ್ಯೇಕ ಉಪಕರಣವೂ ತಜ್ಞರೂ ಬೇಕಾಗಿದ್ದರು. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೊ ಫಲಕವು ಈ ತೊಡಕನ್ನು ನಿವಾರಿಸಿತು. ಸಾಮಾನ್ಯ ಯುಎಸ್‌ಬಿ ತಂತಿಯೇ ಈಗ ಸಾಕು. ಅದರ ವಿನ್ಯಾಸ ಮುಕ್ತವಾಗಿರುವುದರಿಂದ ಅದೇ ಮಾದರಿಯ ಅಗ್ಗದ ಫಲಕಗಳೂ ಮಾರುಕಟ್ಟೆಯಲ್ಲಿವೆ. ಯುನೊ ಫಲಕದ ಮೂರನೆಯ ಆವೃತ್ತಿಯಲ್ಲಿ 14 ಡಿಜಿಟಲ್ ಪಿನ್ನುಗಳು, 6 ಅನಲಾಗ್ ಪಿನ್ನುಗಳು, 32 ಕಿಲೋಬೈಟ್ ಪ್ರೋಗ್ರಾಂ ಸ್ಮೃತಿ ಇವೆ. ಇಷ್ಟೇ ಸಾಮರ್ಥ್ಯ ಒಂದು ಗೋದಾಮನ್ನು ಕಾಯಲು ಧಾರಾಳವಾಗಿ ಸಾಕು. ಮೊಬೈಲಿಗೆ ಸಂದೇಶ ಕಳುಹಿಸಬೇಕೆಂದರೆ ವೈ-ಫೈ ಅಡಕವಾಗಿರುವ ಇಎಸ್‌ಪಿ-32 ಫಲಕವನ್ನು ಆರಿಸಿಕೊಳ್ಳಬಹುದು. ಅದರ ಪಿನ್ನುಗಳು 3.3 ವೋಲ್ಟಿನವು, ಯುನೊಗೆ ತಕ್ಕ 5 ವೋಲ್ಟಿನ ಸಂಕೇತವನ್ನು ನೇರವಾಗಿ ಕೊಟ್ಟರೆ ಕೆಡಬಹುದು.

ಆರಂಭಕ್ಕೆ ಬೇಕಾಗುವ ಸಾಮಗ್ರಿ

ಒಂದು ಫಲಕ, ಯುಎಸ್‌ಬಿ ತಂತಿ, ಬೆಸುಗೆಯಿಲ್ಲದೆ ಜೋಡಿಸಲು ಬ್ರೆಡ್‌ಬೋರ್ಡ್, ಜೋಡಣೆಯ ತಂತಿಗಳು, ಕೆಲವು ಎಲ್‌ಇಡಿ ಹಾಗೂ ರೆಸಿಸ್ಟರುಗಳು, ಒಂದು ಮಲ್ಟಿಮೀಟರ್, 25 ವ್ಯಾಟಿನ ಸೋಲ್ಡರಿಂಗ್ ಐರನ್ ಇವಿಷ್ಟೇ ಆರಂಭದ ಬಂಡವಾಳ. ಇವೆಲ್ಲವೂ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ಬಿಡಿಭಾಗಗಳ ಹಳೆಯ ಮಾರುಕಟ್ಟೆ. ಅಂಚೆ ಅಥವಾ ಕೊರಿಯರ್ ಮೂಲಕವೂ ತರಿಸಿಕೊಳ್ಳಬಹುದು. ಹಣ ಉಳಿಸಬೇಕೆಂದು ಮಲ್ಟಿಮೀಟರನ್ನು ಕೈಬಿಡುವುದು ಸರಿಯಲ್ಲ. ಎಲ್ಲಿ ವಿದ್ಯುತ್ತು ಇದೆ, ಎಲ್ಲಿ ಇಲ್ಲ ಎಂಬುದನ್ನು ತಿಳಿಯದೆ ದುರಸ್ತಿ ಸಾಧ್ಯವಿಲ್ಲ.

ಮೊದಲ ಪಾಠ ಎಲ್‌ಇಡಿ ದೀಪವನ್ನು ಮಿನುಗಿಸುವುದು. ಇದು ಮಕ್ಕಳಾಟದಂತೆ ಕಂಡರೂ ಮುಖ್ಯವಾದೊಂದು ಲೆಕ್ಕವನ್ನು ಕಲಿಸುತ್ತದೆ. ಯುನೊ ಫಲಕದ ಪಿನ್ನು 5 ವೋಲ್ಟ್ ಕೊಡುತ್ತದೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟನ್ನು ತಾನೇ ಬಳಸುತ್ತದೆ. ಉಳಿದ 3 ವೋಲ್ಟನ್ನು 220 ಓಮಿನ ರೆಸಿಸ್ಟರಿಗೆ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್ ಪ್ರವಾಹ ಬರುತ್ತದೆ. ಪಿನ್ನಿನಿಂದ ನಿರಂತರವಾಗಿ ಪಡೆಯಬಹುದಾದುದು 20 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ಇದು ಸುರಕ್ಷಿತ. ರೆಸಿಸ್ಟರ್ ಇಲ್ಲದೆ ಜೋಡಿಸಿದರೆ ದೀಪ ಅಥವಾ ಪಿನ್ನು ಸುಟ್ಟುಹೋಗುತ್ತದೆ. ಮೋಟಾರನ್ನೋ ರಿಲೇಯನ್ನೋ ಪಿನ್ನಿಗೆ ನೇರವಾಗಿ ಜೋಡಿಸಬಾರದೇಕೆ ಎಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ.

ಎರಡನೆಯ ಪಾಠ ಗುಂಡಿಯೊಂದನ್ನು ಒತ್ತಿ ಎಣಿಸುವುದು. ಮೂರನೆಯದು ಉಷ್ಣತೆಯನ್ನು ಅಳೆದು ಪುಟ್ಟ ತೆರೆಯ ಮೇಲೆ ತೋರಿಸುವುದು. ದಿನಕ್ಕೆ ಒಂದು ಗಂಟೆ ಮೀಸಲಿಟ್ಟವರು ಕೆಲವೇ ವಾರಗಳಲ್ಲಿ ಇಲ್ಲಿಯವರೆಗೆ ಬರಬಹುದು. ಅಲ್ಲಿಂದ ಮುಂದೆ ತಮ್ಮ ಉದ್ಯಮದ ಕೆಲಸವನ್ನೇ ಪಾಠವಾಗಿಸಿಕೊಳ್ಳುವುದು ಲೇಸು.

ಮೊದಲ ಕೆಲಸ: ಶೇಂಗಾ ಗೋದಾಮು

ಶೇಂಗಾಕ್ಕೆ ಬೂಷ್ಟು ಹಿಡಿದರೆ ಬಣ್ಣ ಕೆಡುವುದಷ್ಟೇ ಅಲ್ಲ, ಅಫ್ಲಟಾಕ್ಸಿನ್ ಎಂಬ ವಿಷ ಸೇರಿ ಕಾಳು ಹಾಗೂ ಹಿಂಡಿ ಎರಡರ ಬೆಲೆಯೂ ಕುಸಿಯುತ್ತದೆ. ಕಾಯಿ ಚೆನ್ನಾಗಿ ಒಣಗಿದ್ದರೂ ಗಾಳಿಯ ತೇವ ಬಹುದಿನ ಹೆಚ್ಚಾಗಿದ್ದರೆ ಅದು ಮತ್ತೆ ತೇವವನ್ನು ಹೀರಿಕೊಳ್ಳುತ್ತದೆ. ಸಾಪೇಕ್ಷ ತೇವಾಂಶ ಶೇ 70ರ ಒಳಗಿದ್ದರೆ ನೆಮ್ಮದಿ. ಶೇ 80 ದಾಟಿ ಸೆಕೆಯೂ ಸೇರಿದರೆ ಅಪಾಯ.

ಡಿಎಚ್‌ಟಿ-22 ಎಂಬ ಸಂವೇದಕವು ಉಷ್ಣತೆ ಹಾಗೂ ತೇವ ಎರಡನ್ನೂ ತಿಳಿಸುತ್ತದೆ. ಅದನ್ನು ಫಲಕಕ್ಕೆ ಜೋಡಿಸಿ, ತೇವ ಮಿತಿ ಮೀರಿದಾಗ ಕೆಂಪು ದೀಪ ಉರಿಯುವಂತೆ ಮಾಡಬಹುದು. ಸಂವೇದಕ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ನೀರು ಬೆರೆಸಿ ಕೆಸರಿನಂತೆ ಮಾಡಿ, ಸಂವೇದಕಕ್ಕೆ ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ, ಕೆಲವು ಗಂಟೆಗಳ ನಂತರ ಒಳಗಿನ ತೇವ ಶೇ 75ಕ್ಕೆ ಬಂದು ನಿಲ್ಲುತ್ತದೆ. ಸಂವೇದಕ ತೋರಿಸುವ ಅಂಕಿ ಅದಕ್ಕೆ ಎಷ್ಟು ದೂರವೋ ಅಷ್ಟು ಅದರ ತಪ್ಪು. ಇದು ಗೋದಾಮಿನ ಗಾಳಿಯ ಅಳತೆಯೇ ಹೊರತು ಕಾಯಿಯೊಳಗಿನ ತೇವದ ಅಳತೆಯಲ್ಲ ಎಂಬುದನ್ನು ಮರೆಯಬಾರದು.

ಎರಡನೆಯ ಕೆಲಸ: ಬಣ್ಣದ ತೊಟ್ಟಿ

ರೇಷ್ಮೆಯ ಅಂಟು ತೆಗೆಯುವಾಗ ಸೋಪಿನ ನೀರು 90ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಕಡಿಮೆಯಾದರೆ ಅಂಟು ಉಳಿದು ಬಣ್ಣ ಏಕರೂಪವಾಗಿ ಹಿಡಿಯುವುದಿಲ್ಲ. ಕೊತಕೊತ ಕುದಿಸಿದರೆ ಎಳೆ ಸಿಕ್ಕಾಗಿ ಹೊಳಪು ಕುಂದುತ್ತದೆ. ಕೈಯ ಅಂದಾಜು ಅನುಭವಿಗೆ ಸರಿ, ಹೊಸಬನಿಗೆ ಅಲ್ಲ.

ಇದಕ್ಕೆ ಉಕ್ಕಿನ ಕೊಳವೆಯೊಳಗಿಟ್ಟ ಡಿಎಸ್-18ಬಿ20 ಸಂವೇದಕ ತಕ್ಕದ್ದು. ಅದರ ಸಂಕೇತದ ತಂತಿಗೂ ವಿದ್ಯುತ್ ಪೂರೈಕೆಯ ತಂತಿಗೂ ನಡುವೆ 4.7 ಕಿಲೋಓಮಿನ ರೆಸಿಸ್ಟರ್ ಕಡ್ಡಾಯ. ಮಾರುಕಟ್ಟೆಯಲ್ಲಿ ಇದರ ನಕಲಿಗಳು ಹೇರಳವಾಗಿರುವುದರಿಂದ ಬಳಸುವ ಮೊದಲು ಪರೀಕ್ಷಿಸಬೇಕು. ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸದಿದ್ದರೆ ಸಂವೇದಕವನ್ನು ಎಸೆಯಬೇಕಿಲ್ಲ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಈ ಸೀಮೆಯಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ.

ಮೂರನೆಯ ಕೆಲಸ: ಹೊಕ್ಕಿನ ಎಣಿಕೆ

ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ಸೀರೆಯ ಸೊಗಸು ಅಂಚು, ಬುಟ್ಟಾ, ಸೆರಗುಗಳ ಅಳತೆ ತಪ್ಪದಿರುವುದರಲ್ಲಿದೆ. ಮಗ್ಗದ ತುಳಿಯುವ ಹಲಗೆಗೆ ಪುಟ್ಟ ಆಯಸ್ಕಾಂತವನ್ನು ಅಂಟಿಸಿ, ಎದುರಿಗೆ ರೀಡ್ ಸ್ವಿಚ್ ಇಟ್ಟರೆ ಪ್ರತಿ ತುಳಿತವೂ ಫಲಕಕ್ಕೆ ತಿಳಿಯುತ್ತದೆ. ಹಿಂದಿನ ಬುಟ್ಟಾದಿಂದ ಎಷ್ಟು ಹೊಕ್ಕು ನಡೆದಿವೆ ಎಂಬುದು ನೇಕಾರನ ಕಣ್ಣೆದುರಿಗೇ ಇರುತ್ತದೆ.

ಹೊಸಬರು ಇಲ್ಲಿ ಎರಡು ಕಡೆ ಎಡವುತ್ತಾರೆ. ಸ್ವಿಚ್ಚಿನ ಲೋಹದ ತುದಿಗಳು ಕೂಡುವಾಗ ಕ್ಷಣಕಾಲ ಅದುರುತ್ತವೆ. ಒಂದು ತುಳಿತ ನಾಲ್ಕೈದಾಗಿ ಎಣಿಕೆಯಾಗುತ್ತದೆ. ಒಂದು ಎಣಿಕೆಯ ನಂತರ 50 ಮಿಲಿಸೆಕೆಂಡ್ ಕಾಲ ಬೇರೆ ಸಂಕೇತವನ್ನು ಗಣಿಸಬಾರದೆಂದು ಪ್ರೋಗ್ರಾಂನಲ್ಲಿ ಬರೆದರೆ ಇದು ಸರಿಹೋಗುತ್ತದೆ. ಎರಡನೆಯದು, ಕರೆಂಟು ಹೋದಾಗ ಎಣಿಕೆ ಅಳಿಯದಿರಲು ಅದನ್ನು ಶಾಶ್ವತ ಸ್ಮೃತಿಯಲ್ಲಿ ಬರೆದಿಡಬೇಕು. ಆದರೆ ಯುನೊದ ಆ ಸ್ಮೃತಿಯ ಒಂದು ಸ್ಥಾನದಲ್ಲಿ ಖಾತರಿಯಾಗಿ ಬರೆಯಬಹುದಾದುದು ಒಂದು ಲಕ್ಷ ಬಾರಿ ಮಾತ್ರ. ಅಂಗುಲಕ್ಕೆ 60 ಹೊಕ್ಕಿನಂತೆ ಐದೂವರೆ ಮೀಟರ್ ಸೀರೆಗೆ ಸುಮಾರು 13,000 ಹೊಕ್ಕುಗಳು. ಪ್ರತಿ ಹೊಕ್ಕಿಗೂ ಬರೆಯುತ್ತ ಹೋದರೆ ಎಂಟನೆಯ ಸೀರೆ ಮುಗಿಯುವ ಮೊದಲೇ ಆ ಮಿತಿ ತಲುಪುತ್ತದೆ. ನೂರು ಹೊಕ್ಕಿಗೊಮ್ಮೆ ಬರೆದರೆ ಏಳುನೂರು ಸೀರೆಗೂ ಮೀರಿ ಬಾಳುತ್ತದೆ. ಕರೆಂಟು ಹೋದಾಗ ತಪ್ಪಬಹುದಾದ ನೂರರೊಳಗಿನ ಎಣಿಕೆಯನ್ನು ನೇಕಾರನೇ ಸರಿಪಡಿಸಿಕೊಳ್ಳಲು ಒಂದು ಗುಂಡಿ ಇಟ್ಟರಾಯಿತು.

ಈ ಎಣಿಕೆ ನೇಕಾರನ ಅನುಕೂಲಕ್ಕಾಗಿ ಇರತಕ್ಕದ್ದು. ಮಾಲೀಕರು ಅದನ್ನು ಕೂಲಿ ಕಡಿತಕ್ಕೆ ಅಸ್ತ್ರವಾಗಿಸಿಕೊಂಡರೆ ಆಯಸ್ಕಾಂತ ಮರುದಿನವೇ ಕಳಚಿಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಮಾಡಬಾರದ ಕೆಲಸಗಳು

ಮೇಲಿನ ಮೂರು ಕೆಲಸಗಳಲ್ಲೂ ಫಲಕವು ಅಳೆದು ತಿಳಿಸುತ್ತದೆಯೇ ಹೊರತು ಯಾವ ಯಂತ್ರವನ್ನೂ ಓಡಿಸುವುದಿಲ್ಲ, ನಿಲ್ಲಿಸುವುದಿಲ್ಲ. ಫಲಕ ಕೆಟ್ಟರೆ ಅಂಕಿ ಕಾಣುವುದಿಲ್ಲ, ಅಷ್ಟೇ. ಕೆಲಸ ನಿಲ್ಲುವುದಿಲ್ಲ, ಯಾರಿಗೂ ಪೆಟ್ಟಾಗುವುದಿಲ್ಲ. ಕಲಿಯುವವರು ಮೊದಲ ವರ್ಷ ಈ ಗೆರೆಯನ್ನು ದಾಟದಿರುವುದು ಕ್ಷೇಮ.

ಮೂರು ಫೇಸುಗಳಲ್ಲಿ ಒಂದು ಹೋದಾಗ ಗಿರಣಿಯ ಮೋಟಾರಿನ ವೈಂಡಿಂಗ್ ಸುಡುವುದು ಎಲ್ಲರಿಗೂ ತಿಳಿದ ಕಷ್ಟ. ಇದನ್ನು ತಡೆಯುವ ಉಪಕರಣವನ್ನು ಮನೆಯಲ್ಲಿ ತಯಾರಿಸುವ ಆಸೆ ಸಹಜ. ಆದರೆ ಇದಕ್ಕೆಂದೇ ಪರೀಕ್ಷೆಗೊಳಪಟ್ಟ ರಕ್ಷಣಾ ರಿಲೇಗಳು ಮಾರುಕಟ್ಟೆಯಲ್ಲಿವೆ. ರಕ್ಷಣೆಯನ್ನು ಕೊಂಡು ತರಬೇಕು, ಅಳತೆಯನ್ನು ಮನೆಯಲ್ಲಿ ಮಾಡಿಕೊಳ್ಳಬೇಕು ಎಂಬುದೇ ಇಲ್ಲಿ ಸರಿಯಾದ ಸೂತ್ರ. 230 ಅಥವಾ 415 ವೋಲ್ಟಿನ ಯಾವುದೇ ಜೋಡಣೆ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರ ಕೆಲಸ. ಕಲಿಯುವವರ ಮೇಜಿನ ಮೇಲೆ ಯುಎಸ್‌ಬಿಯ 5 ವೋಲ್ಟಿಗಿಂತ ಹೆಚ್ಚಿನದು ಇರಬೇಕಾಗಿಲ್ಲ.

ತೂಕದ ವಿಷಯದಲ್ಲಿ ವರ್ತಕರು ವಿಶೇಷ ಎಚ್ಚರ ವಹಿಸಬೇಕು. ಲೋಡ್ ಸೆಲ್ ಹಾಗೂ ಎಚ್‌ಎಕ್ಸ್-711 ಚಿಪ್ಪಿನ ನೆರವಿನಿಂದ ತಕ್ಕಡಿ ತಯಾರಿಸುವುದು ಸುಲಭ. ಆದರೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ಕೊಳ್ಳುವ, ಮಾರುವ ವ್ಯವಹಾರಕ್ಕೆ ಬಳಸುವ ತಕ್ಕಡಿ ಸತ್ಯಾಪನೆಗೊಂಡು ಮುದ್ರೆ ಪಡೆದಿರಲೇಬೇಕು. ಮನೆಯಲ್ಲಿ ಮಾಡಿದ ತಕ್ಕಡಿಯಿಂದ ರೈತರ ಮಾಲನ್ನು ತೂಗುವುದು ಅಪರಾಧ. ಹಾಗೆಯೇ ಕೈಮಗ್ಗಕ್ಕೆ ಎಣಿಕೆಯ ಸಾಧನ ಜೋಡಿಸುವುದು ಬೇರೆ, ಮೋಟಾರು ಜೋಡಿಸುವುದು ಬೇರೆ. ಮೋಟಾರು ಜೋಡಿಸಿದರೆ ಕೈಮಗ್ಗವೆಂಬ ಮಾನ್ಯತೆಗೇ ಪ್ರಶ್ನೆ ಬರಬಹುದಾದ್ದರಿಂದ ಕೈಮಗ್ಗ ಇಲಾಖೆಯನ್ನು ವಿಚಾರಿಸದೆ ಮುಂದುವರಿಯಬಾರದು.

ಕಲಿಯಬೇಕಾದವರು ಯಾರು?

ಮಾಲೀಕರೇ ಎಲ್ಲವನ್ನೂ ಕಲಿಯಬೇಕೆಂದಿಲ್ಲ. ಮನೆಯ ಮಗನೋ ಮಗಳೋ, ಐಟಿಐ ಓದಿದ ಕೆಲಸಗಾರನೋ, ಪಾಲಿಟೆಕ್ನಿಕ್ ವಿದ್ಯಾರ್ಥಿಯೋ ಕಲಿತರೆ ಸಾಕು. 2016ರಿಂದ ನೀತಿ ಆಯೋಗವು ಶಾಲೆಗಳಲ್ಲಿ ಸ್ಥಾಪಿಸುತ್ತ ಬಂದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ ಇದೇ ಬಗೆಯ ಫಲಕಗಳನ್ನು ಮಕ್ಕಳು ಬಳಸುತ್ತಿದ್ದಾರೆ. ಆದರೆ ಮಾಡಿದ ಪ್ರತಿ ಸಾಧನದ ಜೋಡಣೆಯ ಚಿತ್ರ, ಪ್ರೋಗ್ರಾಂನ ಪ್ರತಿ, ಬಿಡಿಭಾಗಗಳ ಪಟ್ಟಿ ಈ ಮೂರನ್ನೂ ಲೆಕ್ಕದ ಪುಸ್ತಕದಷ್ಟೇ ಜೋಪಾನವಾಗಿ ಇಡತಕ್ಕದ್ದು. ಮಾಡಿದವರು ಊರು ಬಿಟ್ಟರೂ ಮತ್ತೊಬ್ಬರು ಅದನ್ನು ದುರಸ್ತಿ ಮಾಡುವಂತಿರಬೇಕು.

ಹೀಗೆ ಒಂದು ಕಾರ್ತಿಕದಿಂದ ಮತ್ತೊಂದು ಕಾರ್ತಿಕದವರೆಗೆ ಗೋದಾಮಿನ ತೇವವನ್ನು ಬರೆದಿಟ್ಟ ಗಿರಣಿಗೆ ಯಾವ ಮೂಲೆಯಲ್ಲಿ ಚೀಲಗಳನ್ನು ಒಟ್ಟಬಾರದು, ಯಾವ ತಿಂಗಳು ಕಿಟಕಿ ತೆರೆಯಬಾರದು ಎಂಬುದು ಅಂಕಿಗಳಿಂದಲೇ ತಿಳಿಯುತ್ತದೆ. ಆ ತಿಳಿವಳಿಕೆ ಬೇರೆ ಊರಿನ ತಂತ್ರಜ್ಞರಿಂದ ಕೊಳ್ಳಲು ಸಿಗುವಂಥದಲ್ಲ. ನಿಯಂತ್ರಣದ ಮಾತು ಅದರ ನಂತರದ್ದು.