ಸಕ್ಕರೆ ಪಾನೀಯಗಳೂ ದೇಹಾರೋಗ್ಯವೂ

ಮನೆಗೆ ಬಂದ ಅತಿಥಿಗೆ ಬೆಲ್ಲ ನೀರು ಕೊಡುವುದೂ, ರಾಮನವಮಿಯಂದು ಪಾನಕ ಹಂಚುವುದೂ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಆದುದರಿಂದ ಸಿಹಿಯಾದ ಪಾನೀಯವೆಂಬುದು ನಮಗೆ ಹೊಸದಲ್ಲ. ಹೊಸದಾದುದು ಅದರ ಪ್ರಮಾಣ ಮತ್ತು ನಿತ್ಯತೆ. ಹಬ್ಬಕ್ಕೊಮ್ಮೆ ಲೋಟದಲ್ಲಿ ದೊರೆಯುತ್ತಿದ್ದುದು ಈಗ ಬಾಟಲಿಗಳಲ್ಲಿ ದಿನವೂ, ಬೀದಿಬೀದಿಯಲ್ಲಿಯೂ ದೊರೆಯುತ್ತಿದೆ. 1977ರಲ್ಲಿ ಕೋಕಾ ಕೋಲಾ ಸಂಸ್ಥೆಯು ಭಾರತವನ್ನು ಬಿಟ್ಟಾಗ ಅದರ ಸ್ಥಾನವನ್ನು ತುಂಬಲು ಸರ್ಕಾರವು ತಂದ ‘ಡಬಲ್ ಸೆವೆನ್’ ಎಂಬ ಪಾನೀಯದ ಸೂತ್ರವು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿಯೇ ಸಿದ್ಧವಾಯಿತು. 1993ರಲ್ಲಿ ವಿದೇಶೀ ಸಂಸ್ಥೆಯು ಹಿಂದಿರುಗಿದ ಮೇಲೆ ಈ ವ್ಯಾಪಾರವು ಮತ್ತಷ್ಟು ವಿಸ್ತಾರವಾಯಿತು. ಇಂಥ ಪಾನೀಯಗಳು ದೇಹದ ಮೇಲೆ ಮಾಡುವ ಪರಿಣಾಮವೇನು, ಸಕ್ಕರೆಗೆ ಬದಲಾಗಿ ಬಳಸುವ ಕೃತಕ ಸಿಹಿಕಾರಕಗಳ ವಿಷಯದಲ್ಲಿ ಏನು ತಿಳಿದುಬಂದಿದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ಪ್ರಮಾಣವನ್ನು ನೋಡೋಣ. ಸಾಮಾನ್ಯವಾದ ಕೋಲಾ ಪಾನೀಯದ 100 ಮಿಲಿಲೀಟರಿನಲ್ಲಿ ಸುಮಾರು 10ರಿಂದ 11 ಗ್ರಾಂ ಸಕ್ಕರೆಯಿರುತ್ತದೆ. ಅಂದರೆ 300 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 30 ಗ್ರಾಂಗೂ ಮೀರಿದ ಸಕ್ಕರೆ, ಸುಮಾರು ಎಂಟು ಚಹಾ ಚಮಚೆಗಳಷ್ಟು, ಕರಗಿರುತ್ತದೆ. ಅಷ್ಟು ಸಕ್ಕರೆಯನ್ನು ಒಂದು ಲೋಟ ಕಾಫಿಗೆ ಹಾಕಿದರೆ ಯಾರೂ ಕುಡಿಯಲಾರರು. ಪಾನೀಯದ ತಂಪೂ, ಇಂಗಾಲಾಮ್ಲದ ಚುರುಕೂ, ಸೇರಿಸಿದ ಆಮ್ಲಗಳ ಹುಳಿಯೂ ಈ ಸಿಹಿಯನ್ನು ಮರೆಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗಸೂಚಿಯಂತೆ, ಆಹಾರಕ್ಕೆ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸ ಮೊದಲಾದವುಗಳಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು; ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು. ದಿನಕ್ಕೆ 2,000 ಕಿಲೋಕ್ಯಾಲರಿ ಆಹಾರ ಸೇವಿಸುವವರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಎರಡನೆಯ ಮಿತಿಯನ್ನು ದಾಟಲು ಒಂದು ಬಾಟಲಿಯೇ ಸಾಕು.

ಇನ್ನು ಸಕ್ಕರೆಯ ಸ್ವರೂಪ. ಇಕ್ಷುಶರ್ಕರ ಅಥವಾ ಸುಕ್ರೋಸ್ ಎಂಬುದು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಒಂದೊಂದು ಅಣು ಸೇರಿ ಆದ ಸಂಯುಕ್ತ. ಸಣ್ಣ ಕರುಳಿನಲ್ಲಿ ಕಿಣ್ವವೊಂದು ಇದನ್ನು ಎರಡಾಗಿ ಸೀಳುತ್ತದೆ. ಗ್ಲೂಕೋಸ್ ದೇಹದ ಎಲ್ಲ ಅಂಗಾಂಶಗಳಿಗೂ ಇಂಧನವಾಗುತ್ತದೆ. ಫ್ರಕ್ಟೋಸಿನ ಹೆಚ್ಚಿನ ಭಾಗವನ್ನು ವಿಲೇವಾರಿ ಮಾಡಬೇಕಾದ ಹೊಣೆ ಯಕೃತ್ತಿನದು. ಗ್ಲೂಕೋಸಿನ ವಿಭಜನೆಯ ಮಾರ್ಗದಲ್ಲಿ, ಜೀವಕೋಶಕ್ಕೆ ಶಕ್ತಿ ಸಾಕಾದಾಗ ಮುಂದಿನ ಕ್ರಿಯೆಯನ್ನು ತಡೆಯುವ ನಿಯಂತ್ರಕ ಕಿಣ್ವವೊಂದಿದೆ. ಫ್ರಕ್ಟೋಸ್ ಈ ಕಾವಲನ್ನು ಹಾಯದೆ ಬೇರೊಂದು ದಾರಿಯಿಂದ ಒಳಸೇರುತ್ತದೆ. ತತ್ಫಲವಾಗಿ, ಒಮ್ಮೆಲೇ ಬಹಳವಾಗಿ ಬಂದ ಫ್ರಕ್ಟೋಸಿನ ಒಂದಂಶವು ಕೊಬ್ಬಾಗಿ ಪರಿವರ್ತನೆ ಹೊಂದಿ ಯಕೃತ್ತಿನಲ್ಲಿಯೂ ರಕ್ತದಲ್ಲಿಯೂ ಸೇರಬಲ್ಲುದು. ಇದೇ ಕ್ರಿಯೆಯ ಆರಂಭದಲ್ಲಿ ಕೋಶದ ಎ.ಟಿ.ಪಿ. ಶೀಘ್ರವಾಗಿ ವ್ಯಯವಾಗುವುದರಿಂದ ಯೂರಿಕ್ ಆಮ್ಲದ ಉತ್ಪತ್ತಿಯೂ ಹೆಚ್ಚುತ್ತದೆ. ಹಾಗಾದರೆ ಹಣ್ಣು ತಿನ್ನಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಡೀ ಹಣ್ಣಿನಲ್ಲಿ ಫ್ರಕ್ಟೋಸಿನ ಮೊತ್ತ ಕಡಿಮೆ. ನಾರಿನ ಜೊತೆಗೆ ಅಗಿದು ತಿನ್ನುವುದರಿಂದ ಅದು ನಿಧಾನವಾಗಿ ಯಕೃತ್ತನ್ನು ಸೇರುತ್ತದೆ. ಭೇದವಿರುವುದು ವಸ್ತುವಿನಲ್ಲಲ್ಲ, ಮೊತ್ತ ಮತ್ತು ವೇಗಗಳಲ್ಲಿ.

ಮುಸುಕಿನ ಜೋಳದ ಪಿಷ್ಟದಿಂದ ತೆಗೆದ ‘ಹೈ ಫ್ರಕ್ಟೋಸ್ ಕಾರ್ನ್ ಸಿರಪ್’ ಎಂಬ ಪಾಕದ ವಿಷಯದಲ್ಲಿ ಅನೇಕ ತಪ್ಪು ಕಲ್ಪನೆಗಳಿವೆ. ಗ್ಲೂಕೋಸನ್ನು ಫ್ರಕ್ಟೋಸ್ ಆಗಿ ಮಾರ್ಪಡಿಸುವ ಕಿಣ್ವಕ್ರಿಯೆಯು 1957ರಲ್ಲಿ ವರದಿಯಾಗಿ, ಜಪಾನಿನಲ್ಲಿ ಕೈಗಾರಿಕೆಗೆ ಒದಗುವಂತೆ ಬೆಳೆಯಿತು. 1980ರ ದಶಕದಲ್ಲಿ ಅಮೆರಿಕದ ಕೋಲಾ ತಯಾರಕರು ಸಕ್ಕರೆಯ ಬದಲು ಇದನ್ನು ಬಳಸತೊಡಗಿದರು. ಅಲ್ಲಿ ಇದು ಅಗ್ಗವಾಗಿತ್ತು. ಪಾನೀಯಗಳಲ್ಲಿ ಬಳಸುವ ಪಾಕದ ಶರ್ಕರಗಳಲ್ಲಿ ಫ್ರಕ್ಟೋಸಿನ ಪಾಲು ಶೇಕಡಾ 55. ಸುಕ್ರೋಸಿನಲ್ಲಿ ಶೇಕಡಾ 50. ಇಷ್ಟು ಸಣ್ಣ ಅಂತರದಿಂದ ಒಂದು ವಿಷವೆಂದೂ ಮತ್ತೊಂದು ಅಮೃತವೆಂದೂ ಹೇಳುವುದು ಯುಕ್ತವಲ್ಲ. ನಮ್ಮ ದೇಶದ ಪಾನೀಯಗಳಲ್ಲಿ ಸಾಮಾನ್ಯವಾಗಿ ಇರುವುದು ಕಬ್ಬಿನ ಸಕ್ಕರೆ ಎಂಬುದು ಸಮಾಧಾನಕ್ಕೆ ಕಾರಣವಾಗಲಾರದು. ಬೆಲ್ಲದ ವಿಷಯವೂ ಹೀಗೆಯೇ. ಅದರಲ್ಲಿ ಕೊಂಚ ಖನಿಜಾಂಶಗಳಿರುವುದು ನಿಜ; ಆದರೆ ಅದರ ಬಹುಭಾಗವು ಸುಕ್ರೋಸೇ ಆಗಿದೆ.

ದ್ರವರೂಪದ ಸಕ್ಕರೆಗೆ ಒಂದು ವಿಶೇಷ ದೋಷವುಂಟು. 2000ದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಸಂಶೋಧಕರು 15 ಮಂದಿಗೆ ದಿನಕ್ಕೆ 450 ಕಿಲೋಕ್ಯಾಲರಿಯಷ್ಟು ಸಕ್ಕರೆಯನ್ನು ನಾಲ್ಕು ವಾರ ಮಿಠಾಯಿಯಾಗಿಯೂ, ಮತ್ತೆ ನಾಲ್ಕು ವಾರ ಪಾನೀಯವಾಗಿಯೂ ಕೊಟ್ಟರು. ಮಿಠಾಯಿ ತಿಂದಾಗ ಅವರು ತಮಗರಿವಿಲ್ಲದೆಯೇ ಉಳಿದ ಆಹಾರವನ್ನು ತಗ್ಗಿಸಿದರು. ಪಾನೀಯ ಕುಡಿದಾಗ ತಗ್ಗಿಸಲಿಲ್ಲ, ತೂಕವೂ ಹೆಚ್ಚಿತು. ಹೊಟ್ಟೆಯು ಕುಡಿದ ಸಕ್ಕರೆಯ ಲೆಕ್ಕವನ್ನು ಸರಿಯಾಗಿ ಇಡುವುದಿಲ್ಲವೆಂದು ತೋರುತ್ತದೆ. ಪ್ರಯೋಗ ಚಿಕ್ಕದಾದರೂ ಅದರ ಸೂಚನೆಯನ್ನು ಮುಂದಿನ ಅಧ್ಯಯನಗಳು ಬಲಪಡಿಸಿದವು. 2012ರಲ್ಲಿ ಪ್ರಕಟವಾದ ಡಚ್ ಪ್ರಯೋಗವೊಂದರಲ್ಲಿ 641 ಮಕ್ಕಳಿಗೆ 18 ತಿಂಗಳ ಕಾಲ ದಿನಕ್ಕೆ 250 ಮಿಲಿಲೀಟರು ಪಾನೀಯ ಕೊಡಲಾಯಿತು. ಸಕ್ಕರೆಯ ಪಾನೀಯ ಯಾರದು, ಸಕ್ಕರೆರಹಿತವಾದುದು ಯಾರದು ಎಂಬುದು ಮಕ್ಕಳಿಗೆ ತಿಳಿದಿರಲಿಲ್ಲ. ಮೊದಲನೆಯ ಗುಂಪಿನ ತೂಕ ಸರಾಸರಿ 7.37 ಕಿಲೋಗ್ರಾಂ, ಎರಡನೆಯದು 6.35 ಕಿಲೋಗ್ರಾಂ ಹೆಚ್ಚಿತು. ಅನೇಕ ವೀಕ್ಷಣಾ ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಒಂದೆರಡು ಸಲ ಇಂಥ ಪಾನೀಯ ಕುಡಿಯುವವರಿಗೆ, ತೀರ ವಿರಳವಾಗಿ ಕುಡಿಯುವವರಿಗಿಂತ, ಎರಡನೆಯ ಬಗೆಯ ಮಧುಮೇಹದ ಸಂಭವವು ಶೇಕಡಾ 26ರಷ್ಟು ಅಧಿಕ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸಿರುವಾಗ, ಈ ಸಂಗತಿ ನಮಗೆ ಉಪೇಕ್ಷಣೀಯವಲ್ಲ.

ಹಲ್ಲುಗಳಿಗೆ ಆಗುವ ಹಾನಿ ಎರಡು ವಿಧ. ಬಾಯಿಯ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಹುಳಿಯಿಸಿ ಆಮ್ಲವನ್ನುಂಟುಮಾಡುತ್ತವೆ; ಪಾನೀಯದಲ್ಲಿರುವ ಫಾಸ್ಫಾರಿಕ್ ಅಥವಾ ಸಿಟ್ರಿಕ್ ಆಮ್ಲವು ನೇರವಾಗಿಯೇ ಹಲ್ಲಿನ ಹೊದಿಕೆಯನ್ನು ಸವೆಸುತ್ತದೆ. ಆದಕಾರಣ ಗಂಟೆಗಟ್ಟಲೆ ಗುಟುಕುಗುಟುಕಾಗಿ ಹೀರುವ ಅಭ್ಯಾಸವು ಹೆಚ್ಚು ಕೆಟ್ಟದು.

ಸಕ್ಕರೆಗೆ ಬದಲಾಗಿ ಬಳಕೆಯಲ್ಲಿರುವ ಸ್ಯಾಕರಿನ್ 1879ರಲ್ಲಿಯೂ, ಆಸ್ಪರ್ಟೇಮ್ 1965ರಲ್ಲಿಯೂ, ಸುಕ್ರಲೋಸ್ 1976ರಲ್ಲಿಯೂ ಕಂಡುಹಿಡಿಯಲ್ಪಟ್ಟವು. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. 2023ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆಸ್ಪರ್ಟೇಮನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದಾದ’ ವಸ್ತುಗಳ ಗುಂಪಿಗೆ ಸೇರಿಸಿತು. ಅದೇ ವೇಳೆಗೆ ಆಹಾರಸೇರ್ಪಡೆಗಳ ತಜ್ಞ ಸಮಿತಿಯು, ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿತು. ಇವು ಪರಸ್ಪರ ವಿರುದ್ಧವಲ್ಲ. ಮೊದಲನೆಯದು ವಸ್ತುವಿಗೆ ಅಪಾಯ ಮಾಡುವ ಗುಣವಿದೆಯೇ ಎಂದು ಕೇಳುತ್ತದೆ; ಎರಡನೆಯದು ಎಷ್ಟು ಸೇವಿಸಿದರೆ ಅಪಾಯವೆಂದು ಅಳೆಯುತ್ತದೆ. ಫೀನೈಲ್‌ಕೀಟೋನ್ಯೂರಿಯ ಎಂಬ ಆನುವಂಶಿಕ ವ್ಯಾಧಿಯುಳ್ಳವರು ಮಾತ್ರ ಆಸ್ಪರ್ಟೇಮನ್ನು ವರ್ಜಿಸಲೇಬೇಕು. ಕೃತಕ ಸಿಹಿಯನ್ನು ತೂಕ ಇಳಿಸುವ ಸಾಧನವಾಗಿ ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಲಹೆಯಿತ್ತಿದೆ. ದೀರ್ಘಕಾಲದಲ್ಲಿ ಅದರಿಂದ ಪ್ರಯೋಜನ ಕಂಡುಬಂದಿಲ್ಲ. ಈಗಾಗಲೇ ಸ್ಥೂಲರಾದವರೇ ಇದನ್ನು ಹೆಚ್ಚಾಗಿ ಬಳಸುತ್ತಿರಬಹುದಾದ್ದರಿಂದ, ಕಾರಣ ಯಾವುದು ಕಾರ್ಯ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆ ಸಲಹೆಯು ಷರತ್ತಿಗೆ ಒಳಪಟ್ಟುದಾಗಿರುವುದಕ್ಕೆ ಇದೇ ಕಾರಣ.

ಸಂಶೋಧನೆಯಲ್ಲಿ ತೊಡಗುವ ವಿದ್ಯಾರ್ಥಿಗಳು ಮತ್ತೊಂದು ಸಂಗತಿಯನ್ನು ತಿಳಿದಿರಬೇಕು. 1967ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ, ಹೃದ್ರೋಗಕ್ಕೆ ಕೊಬ್ಬೇ ಮುಖ್ಯ ಕಾರಣವೆಂದು ಒತ್ತಿ ಹೇಳಿ ಸಕ್ಕರೆಯ ಪಾತ್ರವನ್ನು ಕಿರಿದುಗೊಳಿಸಿದ ಸಮೀಕ್ಷಾ ಲೇಖನ ಪ್ರಕಟವಾಯಿತು. ಬರೆದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು. ಅದಕ್ಕೆ ಸಕ್ಕರೆ ಉದ್ಯಮದ ಪ್ರತಿಷ್ಠಾನವು ಹಣ ಕೊಟ್ಟಿತ್ತೆಂಬುದು ಹಳೆಯ ಪತ್ರವ್ಯವಹಾರದಿಂದ 2016ರಲ್ಲಿ ಬಯಲಾಯಿತು. ಆ ಲೇಖನದಲ್ಲಿ ಈ ಧನಸಹಾಯದ ಉಲ್ಲೇಖವಿರಲಿಲ್ಲ. ಹಣ ಪಡೆದ ಮಾತ್ರಕ್ಕೆ ಸಂಶೋಧನೆ ಸುಳ್ಳಾಗುವುದಿಲ್ಲ. ಆದರೆ ಅದನ್ನು ಮರೆಮಾಚಿದಲ್ಲಿ ಓದುಗನು ತೂಗಿ ನೋಡುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ.

ಕೆಲವು ಸರ್ಕಾರಗಳು ತೆರಿಗೆಯ ಮಾರ್ಗವನ್ನು ಹಿಡಿದಿವೆ. ಮೆಕ್ಸಿಕೋ 2014ರಲ್ಲಿ ಲೀಟರಿಗೆ ಒಂದು ಪೆಸೊ ತೆರಿಗೆಯನ್ನು ವಿಧಿಸಿತು. ಬ್ರಿಟನ್ 2018ರಲ್ಲಿ ಸಕ್ಕರೆಯ ಪ್ರಮಾಣಕ್ಕನುಗುಣವಾದ ಸುಂಕವನ್ನು ಜಾರಿಗೆ ತಂದಿತು. ಅನೇಕ ತಯಾರಕರು ಸುಂಕ ತಪ್ಪಿಸಿಕೊಳ್ಳಲು ಸಕ್ಕರೆಯನ್ನೇ ತಗ್ಗಿಸಿದರು. ತೆರಿಗೆಯು ಸಿಹಿಯ ಮೊತ್ತವನ್ನು ಅನುಸರಿಸಿದಾಗ ಇಂಥ ಫಲ ದೊರೆಯುವುದು ಗಮನಾರ್ಹ.

ಒಟ್ಟಿನಲ್ಲಿ, ಅಪರೂಪಕ್ಕೆ ಕುಡಿದ ಒಂದು ಬಾಟಲಿಯಿಂದ ಯಾರಿಗೂ ರೋಗ ಬರುವುದಿಲ್ಲ; ಆದರೆ ನಿತ್ಯದ ಬಾಯಾರಿಕೆಗೆ ಸಕ್ಕರೆ ನೀರನ್ನು ಆಶ್ರಯಿಸುವುದು ಹಾನಿಕರವೆಂಬುದಕ್ಕೆ ಸಾಕಷ್ಟು ಆಧಾರವಿದೆ. ಬಾಟಲಿಯ ಮೇಲೆ 100 ಮಿಲಿಲೀಟರಿಗೆ ಎಷ್ಟು ಸಕ್ಕರೆಯೆಂದು ಬರೆದಿರುತ್ತದೆ. ಅದನ್ನು ಬಾಟಲಿಯ ಪೂರ್ಣ ಗಾತ್ರಕ್ಕೆ ಲೆಕ್ಕಹಾಕಿ ನಾಲ್ಕರಿಂದ ಭಾಗಿಸಿದರೆ ಚಮಚೆಗಳ ಸಂಖ್ಯೆ ದೊರೆಯುತ್ತದೆ. ಅಧ್ಯಾಪಕರು ಈ ಸಣ್ಣ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಕಾಲೇಜಿನ ಉಪಾಹಾರಗೃಹಗಳಲ್ಲಿ ಶುದ್ಧವಾದ ಕುಡಿಯುವ ನೀರೂ, ಮಜ್ಜಿಗೆಯೂ ಸುಲಭವಾಗಿ ದೊರೆಯುವಂತಾದರೆ ಉಪದೇಶದ ಅಗತ್ಯ ಬಹುಮಟ್ಟಿಗೆ ತಪ್ಪುವುದೆಂದು ನಾವು ಭಾವಿಸುತ್ತೇವೆ.