‘ಇಲ್ಲ’ ಎಂಬುದರ ಹಲವು ಬಗೆ: ಜಪಾನೀ ನುಡಿಯಿಂದ ಒಂದು ತಿಳಿವು



‘ಶೂನ್ಯಸಂಪಾದನೆ’ ಎಂಬ ಹೆಸರನ್ನು ಕೇಳಿದವರು, “ಶೂನ್ಯವೆಂದರೆ ಏನೂ ಇಲ್ಲದಿರುವುದು, ಅದನ್ನು ಸಂಪಾದಿಸುವುದೆಂತು?” ಎಂದು ನಮ್ಮನ್ನು ಆಗಾಗ ಪ್ರಶ್ನಿಸುವುದುಂಟು. ಅಭಾವವನ್ನು ಸೂಚಿಸಲು ಜಪಾನೀ ಭಾಷೆ ಬಳಸುವ ಪದಗಳನ್ನು ಗಮನಿಸಿದರೆ ಈ ಸಂದೇಹಕ್ಕೆ ಬೆಳಕು ದೊರೆಯುತ್ತದೆ.

ಕನ್ನಡದಲ್ಲಿ ‘ಇದೆ’ ಎಂಬುದಕ್ಕೆ ಎದುರಾಗಿ ‘ಇಲ್ಲ’ ಎಂಬ ಬೇರೆಯ ರೂಪವಿರುವಂತೆ, ಜಪಾನಿಯಲ್ಲಿ ವಸ್ತುಗಳ ಇರವನ್ನು ಹೇಳುವ ‘ಅರು’ ಎಂಬುದಕ್ಕೆ ಎದುರಾಗಿ ‘ನಾಯ್’ ನಿಲ್ಲುತ್ತದೆ. ಎರಡೂ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿಯೇ ಬರುತ್ತವೆ. ಇದಲ್ಲದೆ ಚೀನೀ ಮೂಲದ ಕೆಲವು ಅಕ್ಷರಗಳು ಪದದ ಮೊದಲಲ್ಲಿ ಸೇರಿ, ಇಲ್ಲದಿರುವ ಬಗೆಯನ್ನು ಬೇರ್ಪಡಿಸಿ ತೋರುತ್ತವೆ. ‘ಮು’ ಎಂದರೆ ಇಲ್ಲ. ‘ಮುರ್ಯೋ’ ಎಂದರೆ ಶುಲ್ಕವಿಲ್ಲದ್ದು. ‘ಹಿ’ ಎಂದರೆ ಅಲ್ಲ. ‘ಹಿಜೋ’ ಎಂದರೆ ಎಂದಿನಂತಲ್ಲದ್ದು, ಅರ್ಥಾತ್ ತುರ್ತು ಸ್ಥಿತಿ. ‘ಮಿ’ ಎಂದರೆ ಇನ್ನೂ ಇಲ್ಲ. ‘ಮಿರಾಯ್’, ಅಂದರೆ ಇನ್ನೂ ಬಾರದ್ದು, ಭವಿಷ್ಯಕ್ಕೆ ಹೆಸರು. ನಮ್ಮ ‘ಅನಾಗತ’ದ ಅರ್ಥವೂ ಇದೇ.

ಭರವಸೆಯನ್ನು ಹೊತ್ತ ಈ ‘ಮಿ’ಯೇ ನೋವನ್ನೂ ತರಬಲ್ಲದು. ವಿಧವೆಗೆ ಅಲ್ಲಿ ‘ಮಿಬೋಜಿನ್’ ಎಂಬ ಹಳೆಯ ಪದವಿದೆ. ಬಿಡಿಸಿ ನೋಡಿದರೆ ‘ಇನ್ನೂ ಸಾಯದ ವ್ಯಕ್ತಿ’ ಎಂದಾಗುತ್ತದೆ. ಇಂದು ಅನೇಕರು ಇದನ್ನು ನಿಷ್ಠುರವೆಂದು ತೊರೆದಿದ್ದಾರೆ. ಪಂಚಸೂತಕಗಳನ್ನು ನಿರಾಕರಿಸಿದ ಶರಣರ ಪರಂಪರೆಗೆ ಸೇರಿದ ನಾವು, ಪತಿಯನ್ನು ಕಳೆದುಕೊಂಡ ತಾಯಿಯನ್ನು ಆರತಿಯ ತಟ್ಟೆಯಿಂದ ದೂರವಿರಿಸಿದರೆ, ಆ ಪದ ನಮ್ಮ ನುಡಿಯಲ್ಲಿಲ್ಲದಿದ್ದರೂ ನಡೆಯಲ್ಲಿ ಇದೆಯೆಂದೇ ಅರ್ಥ.

ಇನ್ನು ‘ಕೂ’. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ಶೂನ್ಯ’ಕ್ಕೆ ಆರಿಸಿದ ಅಕ್ಷರವನ್ನು ಜಪಾನೀಯರು ಹೀಗೆ ಓದುತ್ತಾರೆ. ಅದೇ ಅಕ್ಷರವನ್ನು ‘ಸೊರ’ ಎಂದು ಓದಿದರೆ ಆಕಾಶ. ‘ಕರ’ ಎಂದು ಓದಿದರೆ ಬರಿದು. ‘ಕರಾಟೆ’ ಎಂದರೆ ಬರಿಗೈ. ನಮ್ಮ ‘ಬಯಲು’ ಕೂಡ ಕಣ್ಣೆದುರಿನ ತೆರವೂ ಹೌದು, ಅನುಭಾವಿಗಳ ಪರತತ್ತ್ವವೂ ಹೌದು. ಬೌದ್ಧರ ಶೂನ್ಯವೂ ಶರಣರ ಶೂನ್ಯವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಕೊರತೆ ಬೇರೆ, ತೆರವು ಬೇರೆ ಎಂಬುದನ್ನು ಎರಡೂ ನುಡಿಗಳು ಬಲ್ಲವು. ಶರಣರು ಸಂಪಾದಿಸಿದ್ದು ಕೊರತೆಯನ್ನಲ್ಲ. ‘ನಾನು’ ಎಂಬುದು ಅಳಿದಾಗ ತೆರೆದುಕೊಳ್ಳುವ ಬಯಲನ್ನು.

ಆ ಬಯಲಿನಲ್ಲಿ ಯಾರನ್ನೂ ‘ಇಲ್ಲದವಳು’ ಎಂದು ಕರೆಯಲಾಗದು. ಆದುದರಿಂದ ನಿಮ್ಮ ಮನೆಯ ಮುಂದಿನ ಮಂಗಳಕಾರ್ಯದಲ್ಲಿ ಆರತಿಯ ತಟ್ಟೆಯನ್ನು ಅಂತಹ ತಾಯಂದಿರ ಕೈಗೆ ಮೊದಲು ನೀಡಬೇಕೆಂದು ಕೋರುತ್ತೇವೆ.